ಬೆಂಗಳೂರು ಪ್ರವಾಸ: ಇನ್ನು ಒಂದೇ ಮ್ಯೂಸಿಯಂ, ಮಧ್ಯಾಹ್ನವೇ ನಾಟಕ

ಶಿರಸಿ

ಪ್ರೀತಿಯ ಗ್ರಾಹಕರಿಗೆ ನಮಸ್ಕಾರ.

ನಮ್ಮ ಸಂಘದ ಒಂದು ದಿನದ ಬೆಂಗಳೂರು ಪ್ರವಾಸಕ್ಕೆ ಮನೆಮಂದಿಯ ಜೊತೆ ಬಂದವರಿಗೂ, ಮುಂದಿನ ಸಲಕ್ಕೆ ಹೆಸರು ಬರೆಸಿದವರಿಗೂ ಈ ಪತ್ರ. ಕಾರ್ಯಕ್ರಮ ಬದಲಾಗಿದೆ. ಮೊದಲು ಹಗಲೆಲ್ಲ ನಾಲ್ಕು ಮ್ಯೂಸಿಯಂ, ರಾತ್ರಿ ನಾಟಕ ಇತ್ತು. ಇನ್ನು ಮುಂದೆ ಬೆಳಿಗ್ಗೆ ಒಂದು ಮ್ಯೂಸಿಯಂ, ಮಧ್ಯಾಹ್ನ 3:30ಕ್ಕೆ ನಾಟಕ. ಅಷ್ಟೇ.

"ದರ ಮೊದಲಿನಷ್ಟೇ, ನೋಡುವುದು ಮಾತ್ರ ಕಡಿಮೆ ಆಯ್ತಲ್ಲ" ಎಂದು ಒಬ್ಬರು ಆಗಲೇ ಕಚೇರಿಗೆ ಬಂದು ಕೇಳಿದರು. ಕೇಳಬೇಕಾದ್ದೇ. ಹಾಗಾಗಿ ನಡೆದದ್ದನ್ನು ಮುಚ್ಚಿಡದೆ ಹೇಳುತ್ತೇವೆ.

ಕಳೆದ ಸಲ ನಾಲ್ಕನೇ ಮ್ಯೂಸಿಯಂ ಮುಗಿಸಿ ಎಲ್ಲರನ್ನೂ ಬಸ್ ಹತ್ತಿಸುವಾಗ ಸಂಜೆ ಆರೂವರೆ. ಅಲ್ಲಿಂದ ನಾಟಕಕ್ಕೆ ಜೆ.ಪಿ. ನಗರದ ರಂಗಶಂಕರ ರಂಗಮಂದಿರಕ್ಕೆ ಹೋಗಬೇಕು. ಶಿರಸಿಯ ಲೆಕ್ಕದಲ್ಲಿ ಅದು ಅರ್ಧ ಗಂಟೆಯ ದಾರಿ. ಬೆಂಗಳೂರಿನ ಸಂಜೆಗೆ ನಮ್ಮ ಲೆಕ್ಕ ಗೊತ್ತಿಲ್ಲ. ನಾವು ತಲುಪಿದಾಗ 7:40. ನಾಟಕ 7:30ಕ್ಕೇ ಶುರುವಾಗಿತ್ತು, ಬಾಗಿಲು ಹಾಕಿತ್ತು. ತಡವಾಗಿ ಬಂದವರನ್ನು ಅಲ್ಲಿ ಒಳಗೆ ಬಿಡುವುದಿಲ್ಲ. ನಮಗೆ ಗೊತ್ತಿದ್ದ ನಿಯಮವೇ. ಹೊಸ ಸೀರೆ ಉಟ್ಟು ಬಂದಿದ್ದ ಅಜ್ಜಿಯಂದಿರು ಮೆಟ್ಟಿಲ ಮೇಲೆ ಕುಳಿತದ್ದನ್ನು ನೋಡಿ ನಮಗೇ ನಾಚಿಕೆಯಾಯಿತು. ತಪ್ಪು ಪೂರ್ತಿ ನಮ್ಮದು.

ನಮ್ಮ ಕಡೆಯವರಿಗೆ ಯಕ್ಷಗಾನದ ಆಟದ ಅಭ್ಯಾಸ, ಅಲ್ವಾ? ಒಡ್ಡೋಲಗ, ಅಂದರೆ ಪಾತ್ರಗಳ ಮೊದಲ ಪ್ರವೇಶ, ತಪ್ಪಿದರೂ ಬೆಳಗಿನ ತನಕ ಸಮಯವಿದೆ. ಮಧ್ಯೆ ಎದ್ದು ಚಹಾ ಕುಡಿದು, ಕವಳ (ಎಲೆಯಡಿಕೆ) ಹಾಕಿ ಬರಬಹುದು. ಭಾಗವತರೇನೂ ಬೇಜಾರು ಮಾಡಿಕೊಳ್ಳುವುದಿಲ್ಲ. ರಂಗಶಂಕರದಲ್ಲಿ ಹಾಗಲ್ಲ. ಚಿಕ್ಕ ರಂಗಮಂದಿರ. ಒಬ್ಬರು ಕತ್ತಲಲ್ಲಿ ಸೀಟು ಹುಡುಕಿದರೂ ನಟರಿಗೆ ಗೊತ್ತಾಗುತ್ತದೆ. ಕವಳ ಬಾಯಲ್ಲಿಟ್ಟುಕೊಂಡು ಒಳಗೆ ಹೋಗುವಂತಿಲ್ಲ, ಮೊಬೈಲ್ ಬಂದ್ ಮಾಡಲೇಬೇಕು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ನಾಟಕವನ್ನೇ ಕೈಬಿಟ್ಟು ಮ್ಯೂಸಿಯಂಗಳನ್ನು ಉಳಿಸಿಕೊಳ್ಳೋಣ ಎಂದವರೂ ಸಂಘದಲ್ಲಿದ್ದರು. ಹೆಚ್ಚಿನವರು ಒಪ್ಪಲಿಲ್ಲ. ಹೊನ್ನಾವರದ ಶಂಕರ್ ನಾಗ್ 1990ರಲ್ಲಿ ಅಪಘಾತದಲ್ಲಿ ತೀರಿಕೊಂಡರು. ಅವರ ನೆನಪಿಗೆ ಪತ್ನಿ ಅರುಂಧತಿ ನಾಗ್ ವರ್ಷಗಟ್ಟಲೆ ಓಡಾಡಿ ಕಟ್ಟಿಸಿದ ಜಾಗವೇ ರಂಗಶಂಕರ. 2004ರಲ್ಲಿ ಶುರುವಾಯಿತು. ನಮ್ಮ ಜಿಲ್ಲೆಯವರ ಹೆಸರಿನ ರಂಗಮಂದಿರದ ಬಾಗಿಲ ತನಕ ಹೋಗಿ ವಾಪಸ್ ಬಂದೆವಲ್ಲ, ಆ ಬೇಜಾರು ಇನ್ನೂ ಹೋಗಿಲ್ಲ.

ಇನ್ನು ಮ್ಯೂಸಿಯಂ ವಿಷಯ. ವಾಪಸ್ ಬರುವಾಗ ಮಕ್ಕಳನ್ನು ಏನೇನು ನೋಡಿದಿರಿ ಎಂದು ಕೇಳಿದೆವು. ಎಲ್ಲರ ಬಾಯಲ್ಲೂ ಡೈನೋಸಾರ್. ಉಳಿದದ್ದೆಲ್ಲ ಕಲಸುಮೇಲೋಗರ. ಡೈನೋಸಾರ್ ಇರುವುದು ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ. ಹಾಗಾಗಿ ಅದನ್ನೇ ಇಟ್ಟುಕೊಂಡೆವು. ರೈಟ್ ಸಹೋದರರು 1903ರಲ್ಲಿ ಹಾರಿಸಿದ ವಿಮಾನದ ಅಷ್ಟೇ ದೊಡ್ಡ ಮಾದರಿ ಅಲ್ಲಿದೆ. ಎಂಜಿನ್‌ಗಳ ಹಾಲ್ ಇದೆ. ಗುಂಡಿ ಒತ್ತಿ, ಹಿಡಿಕೆ ತಿರುಗಿಸಿ ನೋಡುವಂಥದ್ದು ಬೇಕಷ್ಟಿವೆ. ಪಂಪ್‌ಸೆಟ್ ಬಿಚ್ಚಿ ಜೋಡಿಸುವ ನಮ್ಮ ಅಪ್ಪಂದಿರು ಮಕ್ಕಳಿಗಿಂತ ಜಾಸ್ತಿ ಹೊತ್ತು ಅಲ್ಲೇ ನಿಲ್ಲುತ್ತಾರೆ. ಹಿಂದೆ ಒಂದು ಗಂಟೆಯಲ್ಲಿ ಎಲ್ಲರನ್ನೂ ಹೊರಗೆ ಎಳೆದು ತರುತ್ತಿದ್ದೆವು. ಈಗ 9:30ಕ್ಕೆ ಒಳಗೆ ಹೋದರೆ ಮೂರು ತಾಸು ನಿಮ್ಮದೇ.

ಅದೇ ರಸ್ತೆಯ ಸರಕಾರಿ ವಸ್ತುಸಂಗ್ರಹಾಲಯ ಬಿಟ್ಟುಹೋದದ್ದಕ್ಕೆ ನಮಗೂ ಹೊಟ್ಟೆ ಉರಿಯುತ್ತದೆ. ಆತಕೂರಿನ ಶಾಸನ ಅಲ್ಲಿಯದು. 10ನೇ ಶತಮಾನದ ಕಲ್ಲು. ಹಂದಿಯ ಜೊತೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಯ ಕಥೆ ಅದರಲ್ಲಿದೆ. ಕಾಡುಹಂದಿ ಕಾಟದಲ್ಲಿ ಗದ್ದೆ ಕಳೆದುಕೊಂಡವರಿಗೆ ಬಿಡಿಸಿ ಹೇಳಬೇಕಿಲ್ಲ! ಅದಕ್ಕೆ ಬೇರೆಯೇ ಒಂದು ದಿನ ಇಡುವ ಯೋಚನೆಯಿದೆ. ಆಸಕ್ತಿ ಇದ್ದವರು ಹೇಳಿ.

ಹೊರಡುವುದು ಶನಿವಾರ ರಾತ್ರಿ ಒಂಬತ್ತಕ್ಕೆ. ಮ್ಯೂಸಿಯಂ ಮುಗಿದ ಮೇಲೆ ಬಸ್ ಬೇಡ, ಕಬ್ಬನ್ ಪಾರ್ಕ್ ನಿಲ್ದಾಣದಿಂದ ಮೆಟ್ರೋ. ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ ಜಯನಗರದಲ್ಲಿ ಇಳಿದು ಊಟ. ಮೂರು ಗಂಟೆಗೆ ರಂಗಶಂಕರದ ಬಾಗಿಲಲ್ಲಿ ಇರಬೇಕು. ನಾಟಕ ಮುಗಿದ ಮೇಲೆ ತಿಂಡಿ ತಿಂದು ಏಳಕ್ಕೆಲ್ಲ ಬಸ್ ಬಿಟ್ಟರೆ, ನಸುಕಿನಲ್ಲೇ ಶಿರಸಿ. ಸೋಮವಾರ ಮಕ್ಕಳು ಶಾಲೆಯಲ್ಲಿ ತೂಕಡಿಸುತ್ತಾರೆ ಎಂಬ ದೂರಿಗೂ ಇದರಿಂದ ಸ್ವಲ್ಪ ಪರಿಹಾರ. ಪೂರ್ತಿ ಅಲ್ಲ, ಸ್ವಲ್ಪ.

ದಿನಾಂಕ ಈಗಲೇ ಹೇಳುವುದಿಲ್ಲ. ರಂಗಶಂಕರದಲ್ಲಿ ಬೇರೆ ಬೇರೆ ಭಾಷೆಯ ನಾಟಕಗಳು ನಡೆಯುತ್ತವೆ. ಭಾನುವಾರ ಕನ್ನಡ ನಾಟಕ ಇರುವುದನ್ನು ನೋಡಿಕೊಂಡೇ ದಿನ ಗೊತ್ತು ಮಾಡುತ್ತೇವೆ. ಎಷ್ಟು ವಯಸ್ಸಿನ ಮಕ್ಕಳಿಗೆ ಆ ನಾಟಕ ಸರಿಹೋಗುತ್ತದೆ ಎಂದೂ ಆಗಲೇ ತಿಳಿಸುತ್ತೇವೆ. ತೀರಾ ಚಿಕ್ಕವರಿದ್ದರೆ ನಮ್ಮವರೊಬ್ಬರು ಹೊರಗೆ ಅವರ ಜೊತೆ ಇರುತ್ತಾರೆ.

ದರದ ಬಗ್ಗೆ: ಮೂರು ಮ್ಯೂಸಿಯಂ ಟಿಕೆಟ್ಟಿನ ಹಣ ಮೆಟ್ರೋಗೆ, ಮಧ್ಯಾಹ್ನದ ಊಟಕ್ಕೆ ಹೋಗುತ್ತದೆ. ಮೊದಲು ಊಟ ನಿಮ್ಮ ಖರ್ಚಿನಲ್ಲಿತ್ತು. ಹೊಸ ಕ್ರಮ ಬೇಡ ಎನ್ನುವವರಿಗೆ ಮುಂಗಡ ಪೂರ್ತಿ ವಾಪಸ್.

ಕಳೆದ ಸಲ ನಾಟಕ ತಪ್ಪಿದವರ ಟಿಕೆಟ್ ಹಣ ಸಂಘವೇ ಕೊಡುತ್ತದೆ. ಕಚೇರಿಗೆ ರಸೀದಿ ತನ್ನಿ. ಕಳೆದುಹೋಗಿದ್ದರೂ ಬನ್ನಿ, ಪಟ್ಟಿಯಲ್ಲಿ ನಿಮ್ಮ ಹೆಸರಿದೆ.

ಅಡಿಕೆಯ ಕೊನೆಕೊಯ್ಲು ಶುರುವಾದರೆ ಯಾರೂ ಮನೆ ಬಿಟ್ಟು ಹೊರಡುವುದಿಲ್ಲ. ಅದಕ್ಕೆ ಮೊದಲೇ ಒಂದು ಪ್ರವಾಸ ಮುಗಿಸಬೇಕೆಂದಿದೆ. ಬರುವವರು ಬೇಗ ತಿಳಿಸಿ.

ಇಂತಿ,
ಕಾರ್ಯದರ್ಶಿ, ಸಂಘದ ಪರವಾಗಿ