ರೈಲು ಓಡದ ದಿನ

ಡಿಸೆಂಬರ್ 25ರಂದು, ಕ್ರಿಸ್‌ಮಸ್ ದಿನ, ನಾವಿರುವ ಬ್ರಿಟನ್ನಿನಲ್ಲಿ ರೈಲು ಓಡುವುದಿಲ್ಲ. ಲಂಡನ್ನಿನಲ್ಲಿ ಟ್ಯೂಬೂ (ನೆಲದಡಿಯ ರೈಲು) ಇಲ್ಲ, ಬಸ್ಸೂ ಇಲ್ಲ. ಆ ದಿನ ದೊಡ್ಡ ಅಂಗಡಿಗಳು ಬಾಗಿಲು ತೆರೆಯಬಾರದು ಅಂತ ಇಂಗ್ಲೆಂಡ್, ವೇಲ್ಸ್‌ಗಳಲ್ಲಿ 2004ರಲ್ಲಿ ಕಾನೂನೇ ಬಂದಿದೆ. ಹಾಲು ತರಲು ಮರೆತರೆ ಬೀದಿ ತುದಿಯ ಸಣ್ಣ ಅಂಗಡಿಯೇ ಗತಿ. ಊರಿಂದ ಹೊಸದಾಗಿ ಬಂದವರಿಗೆ ಇದೆಲ್ಲ ಬಣಬಣ ಅನ್ನಿಸುತ್ತದೆ. ನನಗಂತೂ ವರ್ಷದಲ್ಲಿ ತುಂಬಾ ಇಷ್ಟವಾದ ದಿನ ಇದೇ.

ನಮ್ಮ ಹಬ್ಬಗಳ ಪಾಡು ಇಲ್ಲಿ ನಿಮಗೆ ಗೊತ್ತೇ ಇದೆ. ಗಣೇಶನ ಹಬ್ಬ ಬುಧವಾರ ಬಂದರೆ ಕತ್ತಲಲ್ಲೇ ಎದ್ದು ಪೂಜೆ, ಆಮೇಲೆ ಓಡೋಡಿ ಕೆಲಸಕ್ಕೆ. ದೀಪಾವಳಿಯ ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿ ಒಬ್ಬರಾದರೂ ಮೀಟಿಂಗ್‌ನಲ್ಲಿ ಇರುತ್ತಾರೆ. ಕೊನೆಗೆ ಹತ್ತಿರದ ಶನಿವಾರ ಹಾಲ್ ಹಿಡಿದು, ಎಲ್ಲ ಸೇರಿ ಊಟ ಮಾಡಿ ಬರುತ್ತೇವೆ. ಆ ಹಾಲ್ ಹಬ್ಬ ನಡೆಸುವ ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲೇ ಹೀಗೆ ಬರೆಯಬಾರದೇನೋ, ಆದರೂ ಹಾಲ್‌ನ ಹಬ್ಬಕ್ಕೆ ಮನೆಯ ಹಬ್ಬದ ರುಚಿ ಬರುವುದಿಲ್ಲ. ಕ್ರಿಸ್‌ಮಸ್ ರಜೆಯಲ್ಲಾದರೆ ಆಫೀಸು, ಸ್ಕೂಲು ಎರಡೂ ಒಟ್ಟಿಗೆ ಮುಚ್ಚಿರುತ್ತವೆ. 24ಕ್ಕೆ ಬಂದ ನೆಂಟರು ಮಾರನೇ ದಿನ ಹೊರಡುತ್ತೇವೆ ಅಂದರೂ, ಕಾರಿಲ್ಲದಿದ್ದರೆ ಹೊರಡುವ ಹಾಗಿಲ್ಲ!

ಈ ಪುರುಸೊತ್ತನ್ನು ಹೇಗೆ ಬಳಸಬೇಕು ಅಂತ ತಿಳಿಯಲು ಮಂಗಳೂರು ಕಡೆಯ ಕ್ರೈಸ್ತರ ಅಡುಗೆಮನೆಗೆ ಹೋಗಬೇಕು. ಹಬ್ಬಕ್ಕೆ ಇನ್ನೂ ದಿನಗಳಿರುವಾಗಲೇ ಅಲ್ಲಿ ಕುಸ್ವಾರ್, ಅಂದರೆ ಕ್ರಿಸ್‌ಮಸ್ ತಿಂಡಿಗಳ ತಯಾರಿ, ಶುರು. ಕಿಡಿಯೊ, ಗುಳಿಯೊ, ನೆವ್ರಿ, ಚಕ್ಕುಲಿ, ಅಚ್ಚನ್ನು ಹಿಟ್ಟಿನಲ್ಲಿ ಅದ್ದಿ ಎಣ್ಣೆಯಲ್ಲಿ ಕರಿಯುವ ರೋಸ್ ಕುಕ್ಕಿ, ಹೀಗೆ ಡಬ್ಬಗಟ್ಟಲೆ ತಿಂಡಿ. ಒಬ್ಬರ ಕೈಯಲ್ಲಿ ಆಗುವ ಕೆಲಸವೇ ಅಲ್ಲ. ಕಿಡಿಯೊ ಮಾಡುವುದು ನೋಡಿ: ಗೋಲಿಯಷ್ಟು ಹಿಟ್ಟನ್ನು ಹೊಸ ಬಾಚಣಿಗೆಯ ಹಲ್ಲಿನ ಮೇಲೋ ಫೋರ್ಕ್‌ನ ಬೆನ್ನಿನ ಮೇಲೋ ಒತ್ತಿ, ಹೆಬ್ಬೆರಳಿನಲ್ಲಿ ಹಾಗೇ ಸುರುಳಿ ಸುತ್ತಬೇಕು. ಗೆರೆಗೆರೆಯ ಪುಟ್ಟ ಶಂಖದ ಹಾಗೆ ಬರುತ್ತದೆ. ಇಂಥವು ನೂರಾರು ಆಗಬೇಕು. ಅದಕ್ಕೇ ಅಪ್ಪ, ಮಕ್ಕಳು, ಬಂದ ನೆಂಟರು ಎಲ್ಲರೂ ಮೇಜಿನ ಸುತ್ತ. ಕೈಯೆಲ್ಲ ಹಿಟ್ಟಾಗಿರುವುದರಿಂದ ಫೋನ್ ಮುಟ್ಟುವವರಿಲ್ಲ. ಊರಿನ ಸುದ್ದಿ, ಮದುವೆ ಸುದ್ದಿ, ಹಳೇ ಜಗಳ ಎಲ್ಲ ಹೊರಬರುವುದು ಆಗಲೇ.

ಆಮೇಲೆ ತಟ್ಟೆ ತುಂಬಿ ಅಕ್ಕಪಕ್ಕದ ಮನೆಗಳಿಗೆ ಹಂಚುತ್ತಾರೆ. ಊರಲ್ಲಿ ಈ ತಟ್ಟೆ ಹಿಂದೂ, ಮುಸ್ಲಿಂ ಮನೆಗಳಿಗೂ ಹೋಗುತ್ತಿತ್ತು, ಈಗಲೂ ಹೋಗುತ್ತದೆ. ಸಂಕ್ರಾಂತಿಗೆ ಎಳ್ಳು ಬೀರುವ ನಮಗೆ ಇದು ಹೊಸದೇನಲ್ಲ, ಅಲ್ವಾ? ನೆವ್ರಿಯಂತೂ ನಮ್ಮ ಕರ್ಜಿಕಾಯಿಯ ಸೋದರಿಯೇ. ಕೊಬ್ಬರಿ ಜೊತೆ ಹುರಿಗಡಲೆ ಹಾಕಬೇಕೋ ಬೇಡವೋ ಅಂತ ಮಂಗಳೂರಿನವರೂ ಮೈಸೂರಿನವರೂ ವಾದಕ್ಕೆ ಕೂತರೆ ಬೇಗ ಮುಗಿಯುವುದಿಲ್ಲ.

ಚಳಿಗಾಲಕ್ಕೆ ಅಪ್ಪ ಅಮ್ಮನನ್ನು ಇಲ್ಲಿಗೆ ಕರೆಸಿಕೊಂಡವರಿಗೆ ಒಂದು ಮಾತು. ನಾಲ್ಕು ಗಂಟೆಗೇ ಕತ್ತಲು, ಹೊರಗೆ ಕಾಲಿಡಲಾಗದ ಚಳಿ. ದಿನವಿಡೀ ಟಿವಿ ಮುಂದೆ ಕೂತು ಅವರಿಗೂ ಸಾಕಾಗಿರುತ್ತದೆ. ಸುಮ್ನೆ ಆರಾಮಾಗಿರಿ ಅನ್ನುವ ಬದಲು ಚಕ್ಕುಲಿ ಒರಳನ್ನು ಅವರ ಕೈಗೆ ಕೊಡಿ, ಮೊಮ್ಮಕ್ಕಳನ್ನು ಪಕ್ಕಕ್ಕೆ ಕೂರಿಸಿ. ಊರಲ್ಲೇ ಇರುವ ಹಿರಿಯರಿಗೆ ಫೋನ್ ಮಾಡುವುದಾದರೆ ಬೆಳಿಗ್ಗೆ ಒಂಬತ್ತಕ್ಕೆ ಮಾಡಿ. ಅಲ್ಲಿ ಆಗ ಎರಡೂವರೆ, ಊಟ ಮುಗಿಸಿ ಕೂತಿರುತ್ತಾರೆ. ನಮ್ಮ ರಾತ್ರಿ ಊಟ ಆದಮೇಲೆ ಮಾಡಿದರೆ ಪಾಪ, ನಿದ್ದೆಗಣ್ಣಲ್ಲಿ ಎದ್ದು ಮಾತಾಡಬೇಕು.

ಸಂಕ್ರಾಂತಿ ಸಂಚಿಕೆಗೆ ನಿಮ್ಮ ಮನೆಯ ಹಿರಿಯರಿಂದ ಒಂದು ತಿಂಡಿಯ ವಿಧಾನ ಕೇಳಿ ಬರೆದು ಕಳಿಸಿ. ಯಾವ ಹಬ್ಬದ್ದಾದರೂ ಸರಿ. ಅಳತೆ ‘ಒಂದು ಹಿಡಿ’, ‘ಕೈಗೆ ಬಂದಷ್ಟು’ ಅಂತಿದ್ದರೆ ಹಾಗೇ ಇರಲಿ, ಗ್ರಾಂಗೆ ಬದಲಾಯಿಸಬೇಡಿ.