ಸ್ಟ್ರೋಕಿಗೆ ಇರೋದು ನಾಲ್ಕೂವರೆ ಗಂಟೆ

ಸಂಪಾದಕರೇ,

ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆ ಸ್ಟ್ರೋಕ್ (ಪಾರ್ಶ್ವವಾಯು) ಆಗಿ ಒಬ್ಬರ ಬಾಯಿ ಒಂದು ಬದಿಗೆ ವಾಲಿ ಕುಡಿದ ಚಾ ಕಟವಾಯಿಂದ ಇಳೀತಾ ಇದ್ರೂ "ಸ್ವಲ್ಪ ಮಲಗಲಿ, ಸರಿಯಾಗ್ತದೆ" ಅಂತ ಎಣ್ಣೆ ತಿಕ್ಕುವವರು ಈಗಲೂ ಇದ್ದಾರೆ, ನೋಡಿದ್ರೆ ಹೊಟ್ಟೆ ಉರೀತದೆ. ಮೆದುಳಿನ ರಕ್ತನಾಳದ ಹೆಪ್ಪು ಕರಗಿಸೋ ಇಂಜೆಕ್ಷನ್ ಲಕ್ಷಣ ಶುರುವಾಗಿ 3 ಗಂಟೆಯೊಳಗೆ ಕೊಟ್ರೆ ಗುಣ ಉಂಟು ಅಂತ ಅಮೆರಿಕದ ಅಧ್ಯಯನ 1995ರಲ್ಲೇ ತೋರಿಸಿದೆ, 2008ರಲ್ಲಿ ಯುರೋಪಿನದ್ದು ಅದನ್ನ ನಾಲ್ಕೂವರೆ ಗಂಟೆ ತನಕ ಮುಟ್ಟಿಸಿತು. ಆದ್ರೆ ಮೊದಲು ಸಿಟಿ ಸ್ಕ್ಯಾನ್ ಆಗ್ಲೇಬೇಕು, ಯಾಕಂದ್ರೆ ರಕ್ತಸ್ರಾವದ ಸ್ಟ್ರೋಕ್ ಆಗಿದ್ರೆ ಅದೇ ಇಂಜೆಕ್ಷನ್ ಜೀವಕ್ಕೆ ಅಪಾಯ, ಹಾಗಾಗಿ ರಕ್ತ ಹೆಪ್ಪುಗಟ್ಟದಂತೆ ತಡೆಯೋ ಆಸ್ಪಿರಿನ್ ಮನೇಲೇ ನುಂಗಿಸೋದೂ ಬೇಡ. ನಮಗೋ ಗಡಿಯ ತಲಪಾಡಿ ದಾಟಿ ಮಂಗಳೂರು ಮುಟ್ಟೋದ್ರಲ್ಲೇ ಅರ್ಧ ಟೈಮ್ ಹೋಗ್ತದೆ.

ರೋಗಿ ಆಸ್ಪತ್ರೆಯಿಂದ ಮನೆಗೆ ಬಂದ ಮೇಲಿನ ಕಥೆ ಬೇರೆ. ಮನೆಯವರಿಗೇ ತರಬೇತಿ ಕೊಟ್ಟು ವ್ಯಾಯಾಮ ಮಾಡಿಸಿದ್ರೆ ಹೇಗೆ ಅಂತ ಭಾರತದ 14 ಆಸ್ಪತ್ರೆಗಳಲ್ಲಿ ನಡೆದ 'ಅಟೆಂಡ್' ಅಧ್ಯಯನದ ಫಲಿತಾಂಶ 2017ರಲ್ಲಿ ಬಂತು, ಮಾಮೂಲಿ ಆರೈಕೆಗಿಂತ ಹೆಚ್ಚೇನೂ ಲಾಭ ಕಾಣಲಿಲ್ಲ. ಹಾಗಿರುವಾಗ ಎಲ್ಲ ಭಾರವನ್ನೂ ಹೆಂಡತಿ ಮಕ್ಕಳ ತಲೆಗೆ ಹಾಕಿ ಕೈತೊಳೆಯೋದು ಸರಿಯಲ್ಲ ಅಂತ ನನ್ನ ಅಭಿಪ್ರಾಯ.

ರಾತ್ರಿಯೂ ಸ್ಕ್ಯಾನ್ ಆಗೋ ವ್ಯವಸ್ಥೆ ಹತ್ತಿರದಲ್ಲೇ ಬೇಕು, ಮನೆ ಬಾಗಿಲಿಗೆ ಬರೋ ಫಿಸಿಯೋಥೆರಪಿಸ್ಟ್ ಬೇಕು, ಲಕ್ಷಣಗಳ ಬೋರ್ಡು ಮಲಯಾಳದ ಜೊತೆ ಕನ್ನಡದಲ್ಲೂ ಹಾಕಿ.

- ಓದುಗ, ಬದಿಯಡ್ಕ