ರಜೆ ಮುಗಿಯುವ ಮೊದಲೇ ದಕ್ಕೆ ಸೇರಿದ ವಿಂಚ್ ಡ್ರಮ್ಮುಗಳು: ಕೈಜೋಡಿಸಿದವರಿಗೆಲ್ಲ ನಮಸ್ಕಾರ

ಟ್ರಾಲ್ ಬೋಟುಗಳ ಮಳೆಗಾಲದ ರಜೆ ಜುಲೈ 31ಕ್ಕೆ ಮುಗಿಯುತ್ತದೆ. ಬಲೆ ಎಳೆಯುವ ವಿಂಚುಗಳಿಗೆಂದು ಬೀಡಿನಲ್ಲಿ (ಎರಕದ ಕಬ್ಬಿಣದಲ್ಲಿ) ಹೊಯ್ದಿದ್ದ 24 ಬ್ರೇಕ್ ಡ್ರಮ್ಮುಗಳಲ್ಲಿ 22 ಅದಕ್ಕೆ ಮೊದಲೇ ಮಂಗಳೂರು, ಮಲ್ಪೆ ದಕ್ಕೆಗಳಿಗೆ (ಬೋಟು ಕಟ್ಟುವ ಕಟ್ಟೆಗಳಿಗೆ) ಹೋಗಿಯಾಯಿತು. ಬೈಕಂಪಾಡಿಯ ನಮ್ಮ ಎರಕದ ಶೆಡ್ಡಿನ ಪರವಾಗಿ ಈ ನಾಲ್ಕು ಮಾತು. ಯಾರ ಹೆಸರೂ ಹಾಕಿಲ್ಲ, ಬೇಡವೆಂದು ಅವರೇ ಹೇಳಿದ್ದಾರೆ.

ಮೊದಲ ನಮಸ್ಕಾರ ಲೇತಿನ ಅಣ್ಣನಿಗೆ. ಡ್ರಮ್ಮಿನ ಅಂಚಿಗೆ ಬರುತ್ತಲೇ ಲೋಹ ಕೊರೆಯುವ ಕಾರ್ಬೈಡ್ ಟಿಪ್ ಕಿರುಚಿ ಚಕ್ಕೆ ಎದ್ದಿತು. ಸ್ಪೀಡು ತಗ್ಗಿಸಿ ಹೇಗೋ ಮುಗಿಸಿಬಿಡಬಹುದಿತ್ತು. ಅವರು ಮಿಷನ್ ನಿಲ್ಲಿಸಿ, "ಇದು ಬೀಡಲ್ಲ ಮಾರಾಯ್ರೆ, ಗಾಜು" ಎಂದರು. ಒಂದು ಡ್ರಮ್ ಒಡೆದು ನೋಡಿದರೆ ದಪ್ಪ ಭಾಗ ಬೂದು, 6 ಮಿ.ಮೀ. ಅಂಚು ಬೆಳ್ಳಗೆ. ತೆಳುವಾದಲ್ಲಿ ಎರಕ ಬೇಗ ತಣಿದು, ಇಂಗಾಲಕ್ಕೆ ಗ್ರಾಫೈಟ್ ಆಗಿ ಬೇರ್ಪಡಲು ಹೊತ್ತು ಸಿಗದೆ ಸಿಮೆಂಟೈಟ್ (ಕಬ್ಬಿಣ, ಇಂಗಾಲ ಕೂಡಿದ ತೀರಾ ಗಡಸು ವಸ್ತು) ಆಗಿಯೇ ಉಳಿದಿತ್ತು. ಮರಳಿನಲ್ಲಿ ತೇವ ಹೆಚ್ಚಿತ್ತು. ಸಾಲದ್ದಕ್ಕೆ ಗ್ರಾಫೈಟ್ ಕಟ್ಟಲೆಂದು ಫೆರೊಸಿಲಿಕಾನ್ ಹಾಕಿದ ಲೇಡಲ್ (ಕರಗಿದ ಲೋಹದ ಪಾತ್ರೆ) ಹೊಯ್ಯದೆ ಕಾದು ನಿಂತಿತ್ತು; ಹತ್ತು ಹದಿನೈದು ನಿಮಿಷ ಕಳೆದರೆ ಅದರ ಗುಣ ಇಳಿದುಹೋಗುತ್ತದೆ.

ಉಳಿದವನ್ನು 900 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟು ಕುಲುಮೆಯೊಳಗೇ ತಣಿಸಿದೆವು. ಸಿಮೆಂಟೈಟ್ ಒಡೆಯಿತು, ಟಿಪ್ ಬೆಣ್ಣೆಯಲ್ಲಿ ಹೋದಂತೆ ಹೋಯಿತು. ಆದರೆ ಬ್ರಿನೆಲ್ ಗಡಸುತನ 140ಕ್ಕೆ ಇಳಿದಿತ್ತು. ಒಂದು ಚೂರನ್ನು ಪಾಲಿಶ್ ಮಾಡಿ, ನೈಟಾಲ್ (ಆಲ್ಕೋಹಾಲಿನಲ್ಲಿ ಬೆರೆಸಿದ ನೈಟ್ರಿಕ್ ಆಮ್ಲ) ಹಚ್ಚಿ, ಸೂಕ್ಷ್ಮದರ್ಶಕದಲ್ಲಿ ತೋರಿಸಿದ ಸುರತ್ಕಲ್‌ನ ಮೇಷ್ಟ್ರಿಗೆ ಎಷ್ಟು ಹೇಳಿದರೂ ಕಡಿಮೆ. ಕಪ್ಪು ಗ್ರಾಫೈಟ್ ಎಸಳುಗಳ ಸುತ್ತ ಎಲ್ಲೆಲ್ಲೂ ಬಿಳಿ ಫೆರೈಟ್, ಅಂದರೆ ಮೆತ್ತನೆಯ ಕಬ್ಬಿಣ. ನಿಧಾನ ತಣಿಸಿದ್ದರಿಂದ ಬೇಕಾಗಿದ್ದ ಪರ್ಲೈಟ್ (ಫೆರೈಟ್, ಸಿಮೆಂಟೈಟ್ ತೆಳು ಪದರಗಳ ಗಟ್ಟಿ ರಚನೆ) ಕೂಡ ಹೋಗಿತ್ತು. ಇಂಥ ಡ್ರಮ್ ಬ್ರೇಕಿನಡಿ ಬೇಗ ಸವೆಯುತ್ತದೆ. ಗ್ರಾಫೈಟ್ ಎಸಳಿನ ಆಕಾರವನ್ನು ಯಾವ ಕುಲುಮೆಯೂ ಬದಲಿಸದು, ಬದಲಾಗುವುದು ಅದರ ಸುತ್ತಲಿನ ಲೋಹ ಮಾತ್ರ ಎಂದು ಅವರು ಎರಡೆರಡು ಸಲ ಹೇಳಿದರು. ಕಾಯಿಸಿದರೆ ಬೀಡು ಉಕ್ಕಾಗುತ್ತದೆ ಎಂದುಕೊಂಡವರು ನಮ್ಮಲ್ಲಿ ಇನ್ನೂ ಇದ್ದಾರೆ, ಅದಕ್ಕೇ ಬರೆದೆವು.

ಅವರು ಹೇಳಿದಂತೆ ಮತ್ತೆ 890 ಡಿಗ್ರಿಗೆ ಏರಿಸಿ, ದಪ್ಪದ ಪ್ರತಿ 25 ಮಿ.ಮೀ.ಗೆ ಒಂದು ಗಂಟೆ ಲೆಕ್ಕದಲ್ಲಿ ಇಟ್ಟು, ಈ ಸಲ ಹೊರಗೆ ತೆಗೆದು ಗಾಳಿಯಲ್ಲಿ ತಣಿಸಿದೆವು. ಆ ಬಿಸಿಯಲ್ಲಿ ಗ್ರಾಫೈಟಿನ ಸ್ವಲ್ಪ ಇಂಗಾಲ ಮರಳಿ ಕಬ್ಬಿಣಕ್ಕೆ ಕರಗುತ್ತದೆ. ಚುರುಕಾಗಿ ತಣಿದರೆ ಪರ್ಲೈಟ್ ಕಟ್ಟುತ್ತದೆ. ಗಡಸುತನ 205ಕ್ಕೆ ಬಂತು.

ಜುಲೈ ಮಳೆಯಲ್ಲಿ "ಗಾಳಿಯಲ್ಲಿ ತಣಿಸುವುದು" ಹೇಳಿದಷ್ಟು ಸುಲಭವಲ್ಲ. ಕೆಂಪಗೆ ಕಾದ ಬೀಡಿಗೆ ಎರಚಲು ತಾಗಿದರೆ ಬಿರುಕು ಖಂಡಿತ. ಒದ್ದೆ ಸಿಮೆಂಟ್ ನೆಲದ ಮೇಲಿಟ್ಟರೆ ನೆಲವೇ ಸಿಡಿಯುತ್ತದೆ. ಮೂರು ಬದಿಗೂ ಟಾರ್ಪಾಲು ಕಟ್ಟಿಕೊಟ್ಟ ಪಕ್ಕದ ಶೆಡ್ಡಿನವರಿಗೆ, ಇಟ್ಟಿಗೆಯ ಮೇಲೆ ಕೂರಿಸಲು ಕಬ್ಬಿಣದ ಜಾಲರಿ ತಂದ ವೆಲ್ಡರ್ ಅಣ್ಣನಿಗೆ ಧನ್ಯವಾದ.

ಗಾಳಿಯಲ್ಲಿ ತಣಿಯುವಾಗ ಅಂಚು ಮೊದಲು, ಗುಂಬ (ನಡುವಿನ ದಪ್ಪ ಭಾಗ) ಆಮೇಲೆ. ಒಳಗೆ ಬಿಗಿತ ಉಳಿದೇ ಉಳಿಯುತ್ತದೆ. ಅದಕ್ಕೆ ಕೊನೆಯಲ್ಲಿ 550 ಡಿಗ್ರಿ, 25 ಮಿ.ಮೀ.ಗೆ ಒಂದು ಗಂಟೆಯಂತೆಯೇ, ಆಮೇಲೆ 250ರ ಕೆಳಗೆ ಇಳಿಯುವ ತನಕ ಬಾಗಿಲು ತೆರೆಯುವ ಹಾಗಿಲ್ಲ. 600 ದಾಟಿದರೆ ಕಷ್ಟಪಟ್ಟು ಕಟ್ಟಿದ ಪರ್ಲೈಟ್ ಮತ್ತೆ ಒಡೆಯತೊಡಗುತ್ತದೆ. ಇಲ್ಲಿ ನಮ್ಮನ್ನು ಉಳಿಸಿದ್ದು ಎಲೆಕ್ಟ್ರಿಷಿಯನ್: ಕುಲುಮೆಯ ಗೋಡೆಯ ಬಳಿ ಇದ್ದ, ಬಿಸಿ ಅಳೆಯುವ ಥರ್ಮೋಕಪಲನ್ನು ಡ್ರಮ್ಮಿನ ಗುಂಬಕ್ಕೇ ತಾಗಿಸಿ ಕಟ್ಟಿದರು. ಗೋಡೆ 550 ತೋರಿಸುವಾಗ ಗುಂಬ ಇನ್ನೂ 500 ಮುಟ್ಟಿರಲಿಲ್ಲ.

ಇಪ್ಪತ್ತನಾಲ್ಕನೆಯ ಡ್ರಮ್ಮಿನಲ್ಲಿ ಕೂದಲೆಳೆಯ ಬಿರುಕು ಕಂಡಿತು. ಬಿರುಕು ಕಾಯಿಸಿದರೆ ಕೂಡುವುದಿಲ್ಲ, ಕರಗಿಸಲು ಹಾಕಿದೆವು. ಅದರ ಬದಲಿ ಡ್ರಮ್ಮಿಗಾಗಿ ರಜೆ ಮುಗಿದ ಮೇಲೂ ಹತ್ತು ದಿನ ಬೋಟು ಕಟ್ಟಿ ಕಾಯಲು ಒಪ್ಪಿದ ಮಲ್ಪೆಯ ಮಾಲಕರಿಗೆ ಕೈಮುಗಿಯುತ್ತೇವೆ.

ಬೋಟು ನಡೆಸುವ ತಂಡೇಲರಲ್ಲಿ ಒಂದು ವಿನಂತಿ ಉಂಟು. ಬಲೆ ಎಳೆದು ಡ್ರಮ್ ಬಿಸಿಯಾಗಿ ಹೊಗೆ ಎದ್ದಾಗ ಬಕೆಟಿನಲ್ಲಿ ಸಮುದ್ರದ ನೀರು ಸುರಿಯಬೇಡಿ. ಬ್ರೇಕ್ ಸಡಿಲಿಸಿ, ಗಾಳಿಗೆ ಬಿಡಿ.